ಹಳೆಯ ಮೋಟಾರ್ ಸೈಕಲ್ಲಿಗೆ ತಕ್ಕ ಪ್ಲಗ್ಗು

ಆದವಾನಿ, ಆಲೂರು, ಕೋಸಿಗಿ, ಕೌತಾಳಂ ಕಡೆಯ ಒಕ್ಕಲು ಮನೆಗಳಲ್ಲಿ ಹಳೆಯ ಮೋಟಾರ್ ಸೈಕಲ್ಲು ಎಂದರೆ ಬರಿಯ ಸವಾರಿಯಲ್ಲ. ಹೊಲಕ್ಕೆ ಬೀಜ, ಗೊಬ್ಬರ ಒಯ್ಯುವುದೂ ಅದೇ, ಶೇಂಗಾ ಚೀಲವನ್ನು ಆದವಾನಿ ಮಾರ್ಕೆಟ್ಟಿಗೆ ಮುಟ್ಟಿಸುವುದೂ ಅದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961 ಮೊದಲುಗೊಂಡು 1996ರ ವರೆಗೆ ಹೊರಬಂದ ಜಾವಾ, ಯೆಜ್ಡಿಗಳು, ರಾಜದೂತ, ಹಳೆಯ ಬುಲೆಟ್ಟು – ಇವನ್ನು ಇನ್ನೂ ಓಡಿಸುತ್ತಿರುವ ರೈತ ಬಾಂಧವರಿಗಾಗಿ ಈ ಪಾಠ. ಪ್ಲಗ್ಗು ಚಿಕ್ಕ ವಸ್ತು. ಆದರೆ ತಪ್ಪು ಪ್ಲಗ್ಗಿನಿಂದ ಪಿಸ್ಟನ್ನಿಗೆ ತೂತು ಬಿದ್ದರೆ, ಬಿತ್ತನೆಗೆಂದು ಕೂಡಿಟ್ಟ ಹಣ ಬೋರಿಂಗ್ ಅಂಗಡಿಗೆ ಹೋಗುತ್ತದೆ.

ಹಾಟ್ ಎಂದರೇನು, ಕೋಲ್ಡ್ ಎಂದರೇನು?

ಹಾಟ್ ಪ್ಲಗ್ಗಿನ ಕಿಡಿ ಜೋರು ಎಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಕಿಡಿಯ ಬಲ ಬರುವುದು ಕಾಯಿಲಿನಿಂದ, ಮ್ಯಾಗ್ನೆಟೋದಿಂದ. ಹಾಟ್, ಕೋಲ್ಡ್ ಎಂಬುದು ಪ್ಲಗ್ಗಿನ ಮೂತಿಯ ಕಾವು ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದರ ಲೆಕ್ಕ.

ಎರೆ ಹೊಲದ ಬಸಿಗಾಲುವೆಯನ್ನು ನೆನೆಯಿರಿ. ಹಳ್ಳಕ್ಕೆ ಹೋಗುವ ದಾರಿ ಗಿಡ್ಡವಾಗಿದ್ದರೆ ನೀರು ಬೇಗ ಬಸಿಯುತ್ತದೆ. ಸುತ್ತಿ ಬಳಸಿ ಹೋದರೆ ಹೊಲದಲ್ಲೇ ನಿಲ್ಲುತ್ತದೆ. ಪ್ಲಗ್ಗಿನೊಳಗಿನ ಬಿಳಿಯ ಪಿಂಗಾಣಿ ಮೂತಿಯೂ ಹೀಗೆಯೇ. ಅದು ಗಿಡ್ಡವಾಗಿದ್ದರೆ ಕಾವು ಬೇಗನೆ ಪ್ಲಗ್ಗಿನ ಲೋಹದ ಮೈಗೂ ಅಲ್ಲಿಂದ ಸಿಲಿಂಡರ್ ಹೆಡ್ಡಿಗೂ ಹರಿದುಹೋಗುತ್ತದೆ. ಇದು ಕೋಲ್ಡ್ ಪ್ಲಗ್ಗು. ಮೂತಿ ಉದ್ದವಾಗಿದ್ದರೆ ಕಾವು ನಿಧಾನವಾಗಿ ಹೋಗುತ್ತದೆ. ಇದು ಹಾಟ್ ಪ್ಲಗ್ಗು.

ಮೂತಿಯ ಕಾವು ಸುಮಾರು 450 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಾದರೆ ಮಸಿ ಸುಟ್ಟುಹೋಗದೆ ಕೂತುಕೊಳ್ಳುತ್ತದೆ, ಗಾಡಿ ಮಿಸ್ ಹೊಡೆಯುತ್ತದೆ. 850ರ ಮೇಲೆ ಏರುತ್ತ ಹೋದರೆ ಮೂತಿಯೇ ಕೆಂಡವಾಗಿ, ಕಿಡಿ ಬೀಳುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಪಿಸ್ಟನ್ನು ಕರಗುವುದು ಆಗಲೇ.

ನಂಬರಿನ ಗೊಂದಲ

ಪ್ಲಗ್ಗಿನ ನಂಬರು ಎಲ್ಲ ಕಂಪನಿಗಳಲ್ಲಿ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ಕೋಲ್ಡ್: 6ಕ್ಕಿಂತ 7, 7ಕ್ಕಿಂತ 8. ಈಗಿನ ಬಾಷ್ ಪ್ಲಗ್ಗಿನಲ್ಲಿ ಇದು ತಿರುವುಮುರುವು. ಅಂಕಿ ಹೆಚ್ಚಿದಷ್ಟೂ ಹಾಟ್. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಮೈಕೋ ಕಂಪನಿಯ ಹಳೆಯ ಪ್ಲಗ್ಗುಗಳಲ್ಲಿ 175, 225 ಎಂಬ ದೊಡ್ಡ ಅಂಕಿಗಳಿದ್ದವು. ಅಲ್ಲಿ 225 ಎಂಬುದೇ ಕೋಲ್ಡ್. ಆ 175ಕ್ಕೆ ಈಗಿನ ಬಾಷಿನ 7, ಆ 225ಕ್ಕೆ 5 ಸಮಾನ. ಆದುದರಿಂದ ಕಂಪನಿಯ ಹೆಸರು ಬಿಟ್ಟು ಬರಿಯ ಅಂಕಿ ಹೇಳಿ ಪ್ಲಗ್ಗು ಕೊಳ್ಳಕೂಡದು.

ನಮ್ಮ ಕೆಲಸಕ್ಕೆ ಯಾವುದು?

ಗಾಡಿ ಮಾಡಿದವರು ಪುಸ್ತಕದಲ್ಲಿ ಹೇಳಿದ ನಂಬರಿನಿಂದಲೇ ಆರಂಭಿಸತಕ್ಕದ್ದು. ಊರಿಂದ ಹೊಲಕ್ಕೆ ಬಂಡಿ ಜಾಡಿನಲ್ಲಿ ಮೆಲ್ಲಗೆ ಒಂದೆರಡು ಮೈಲಿ ಹೋಗಿಬರುವ ಗಾಡಿಯಲ್ಲಿ ಕಾವು ಏರುವುದೇ ಇಲ್ಲ. ಅದರಲ್ಲಿ ಕೋಲ್ಡ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಬೇಸಿಗೆಯ ಬಿಸಿಲಲ್ಲಿ ಹಿಂದೆ ಚೀಲ ಹೇರಿಕೊಂಡು ಬಳ್ಳಾರಿಯವರೆಗೆ ಎಡೆಬಿಡದೆ ಓಡುವ ಗಾಡಿಯಲ್ಲಿ ಹಾಟ್ ಪ್ಲಗ್ಗು ಅಪಾಯ. ಒಂದೇ ಗಾಡಿ ಎರಡು ಕೆಲಸವನ್ನೂ ಮಾಡುವುದಾದರೆ ಭಾರದ ಕೆಲಸವನ್ನೇ ಲೆಕ್ಕಕ್ಕೆ ಹಿಡಿಯುವುದು ಒಳಿತು. ಮಸಿ ಹಿಡಿದ ಪ್ಲಗ್ಗನ್ನು ಒರೆಸಿ ಮತ್ತೆ ಹಾಕಬಹುದು. ತೂತು ಬಿದ್ದ ಪಿಸ್ಟನ್ನನ್ನು ಒರೆಸಿ ಹಾಕಲಾಗದು. ಬದಲಿಸಲೇಬೇಕಾದರೆ ಒಂದು ಮೆಟ್ಟಿಲು ಮಾತ್ರ ಬದಲಿಸಿ. ಒಂದು ಮೆಟ್ಟಿಲಿಗೇ ಮೂತಿಯ ಕಾವು 70ರಿಂದ 100 ಡಿಗ್ರಿ ವ್ಯತ್ಯಾಸವಾಗುತ್ತದೆ.

ಮೂತಿ ನೋಡುವ ಕ್ರಮ

ಎಂದಿನ ಭಾರದಲ್ಲಿ ನಾಲ್ಕಾರು ಮೈಲಿ ಓಡಿಸಿ, ಆಚೀಚೆ ನೋಡಿ, ಕ್ಲಚ್ ಹಿಡಿದು ಒಮ್ಮೆಲೇ ಇಂಜಿನ್ ಆರಿಸಿ ನಿಲ್ಲಿಸಿ. ಸುಮ್ಮನೆ ನಿಂತು ಉರಿಸಿದರೆ ಗುರುತು ಕೆಡುತ್ತದೆ. ಆರಿದ ಮೇಲೆ ಪ್ಲಗ್ಗು ಬಿಚ್ಚಿರಿ. ತಿಳಿ ಕಂದು ಬಣ್ಣವಿದ್ದರೆ ಸರಿ. 2000ದಲ್ಲಿ ಸೀಸದ ಪೆಟ್ರೋಲು ನಿಂತಿತಾದ್ದರಿಂದ ಈಗಿನ ಬಣ್ಣ ಹಳೆಯ ಪುಸ್ತಕ ಹೇಳುವುದಕ್ಕಿಂತ ಇನ್ನೂ ತಿಳಿಯಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಣ ಕರಿ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಪ್ಲಗ್ಗು ಹೆಚ್ಚು ಕೋಲ್ಡ್. ಎಣ್ಣೆ ಜಿಡ್ಡಿದ್ದರೆ ಬೆರೆಸುವ ಆಯಿಲ್ ಹೆಚ್ಚು, ಇಲ್ಲವೆ ರಿಂಗು ಸವೆದಿದೆ. ಸುಣ್ಣದ ಹಾಗೆ ಬಿಳುಪೇರಿ, ಬೊಕ್ಕೆ ಎದ್ದು, ತುದಿ ಸವೆದಿದ್ದರೆ ಕಾವು ಮೀರಿದೆ. ಗಾಡಿಯನ್ನು ಹಾಗೆಯೇ ಓಡಿಸಕೂಡದು.

ಕಾವು ಮೀರಿದ್ದಕ್ಕೆ ಪ್ಲಗ್ಗೊಂದೇ ಕಾರಣವಲ್ಲ. ಟೈಮಿಂಗ್ ಮುಂದಾಗಿರಬಹುದು, ಎಲ್ಲಾದರೂ ಗಾಳಿ ಸೇರುತ್ತಿರಬಹುದು. 2025ರಿಂದ ದೇಶದಾದ್ಯಂತ ಬಂಕುಗಳಲ್ಲಿ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲು ಬರುತ್ತಿದೆ. ಹಳೆಯ ಕಾರ್ಬೊರೇಟರಿನಲ್ಲಿ ಇದರಿಂದ ಮಿಶ್ರಣ ತೆಳುವಾಗಿ ಕಾವು ಏರುತ್ತದೆ. ಮೊದಲು ಇವನ್ನು ಮೆಕ್ಯಾನಿಕ್ಕಿನಿಂದ ಸರಿಪಡಿಸಿಕೊಂಡು, ಆಮೇಲೆ ಪ್ಲಗ್ಗಿನ ಮಾತು.

ಇನ್ನೊಂದು ಎಚ್ಚರಿಕೆ: ಚೂಡಿಯ ಉದ್ದ ಬೇರೆ, ಮೂತಿಯ ಉದ್ದ ಬೇರೆ. ಅರ್ಧ ಇಂಚಿನ ಚೂಡಿ ಇರುವ ಕಡೆ ಮುಕ್ಕಾಲು ಇಂಚಿನದನ್ನು ತಿರುವಿದರೆ ಪಿಸ್ಟನ್ನು ಬಂದು ಬಡಿಯಬಹುದು. ಆದಕಾರಣ ಕಂಪನಿ, ಪೂರ್ತಿ ನಂಬರು, ಚೂಡಿಯ ಉದ್ದ – ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನಲ್ಲಿಡಿ. ಅಂಗಡಿಯವನಿಗೆ ಆ ಚೀಟಿಯನ್ನೇ ತೋರಿಸಿರಿ.