ಕ್ಯಾನ್ಸರ್‌ನ ಕೊನೆಯ ಹಂತ: ಬೇಡವೆನ್ನುವ ಹಕ್ಕು, ನೋವು ನೀಗಿಸಿಕೊಳ್ಳುವ ಹಕ್ಕು

ಸ್ವಸ್ಥಚಿತ್ತದ ವಯಸ್ಕ ರೋಗಿ ತನಗೆ ಬೇಡವಾದ ಚಿಕಿತ್ಸೆಯನ್ನು, ಅದು ಜೀವ ಉಳಿಸುವಂಥದ್ದೇ ಆಗಿದ್ದರೂ, ನಿರಾಕರಿಸಬಹುದು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿ ಇನ್ನು ಕೀಮೋ ಬೇಡ, ವೆಂಟಿಲೇಟರ್ ಬೇಡ ಎಂದರೆ ಆ ಮಾತೇ ಅಂತಿಮ. ಅದಕ್ಕೆ ಮನೆಯವರ ಒಪ್ಪಿಗೆ ಬೇಕಿಲ್ಲ. ತೊಡಕು ಶುರುವಾಗುವುದು ರೋಗಿಯ ಪ್ರಜ್ಞೆ ತಪ್ಪಿದ ಮೇಲೆ. ಮಕ್ಕಳಲ್ಲಿ ಒಮ್ಮತವಿರುವುದಿಲ್ಲ, ವೈದ್ಯರಿಗೆ ಕೇಸಿನ ಭಯ. ಎಷ್ಟೋ ಸಲ ಮನೆಯವರು ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು ಬರೆದುಕೊಟ್ಟು ರೋಗಿಯನ್ನು ಮನೆಗೆ ತರುತ್ತಾರೆ, ನೋವಿನ ಔಷಧಿಯೂ ಇಲ್ಲದೆ.

ಹೀಗೆ ಕದ್ದುಮುಚ್ಚಿ ಮಾಡಬೇಕಾದ ಕೆಲಸ ಇದಲ್ಲ. ಕಾಮನ್ ಕಾಸ್ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯಡಿಯ ಹಕ್ಕು ಎಂದು ಹೇಳಿತು. ಚಿಕಿತ್ಸೆ ನಿಲ್ಲಿಸಲು ಆಗ ವಿಧಿಸಿದ್ದ ಕ್ರಮ ಯಾರ ಕೈಗೂ ಎಟುಕದಷ್ಟು ಜಟಿಲವಾಗಿತ್ತು. 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸಡಿಲಿಸಿತು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಮಾತ್ರ ಇಂದಿಗೂ ಅಪರಾಧ.

ರೋಗಿ ತನ್ನ ಇಚ್ಛೆಯನ್ನು ಮೊದಲೇ ಬರೆದಿಡುವ ಪತ್ರಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಲಿವಿಂಗ್ ವಿಲ್. ಆಸ್ತಿಯ ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ನಿರ್ಧರಿಸುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಮೊದಲಿನಂತೆ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಹೆಸರಿಸಿದವರಿಗೂ ಕುಟುಂಬದ ವೈದ್ಯರಿಗೂ ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಪ್ರತಿ ಕೊಡಬೇಕು. ಮನಸ್ಸು ಬದಲಾದರೆ ಬರಹದ ಮೂಲಕ ಯಾವಾಗ ಬೇಕಾದರೂ ಹಿಂಪಡೆಯಬಹುದು.

ಪತ್ರವಿದ್ದ ಮಾತ್ರಕ್ಕೆ ಯಂತ್ರ ಕಳಚುವಂತಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಅಭಿಪ್ರಾಯ ಕೊಡಬೇಕು. ಬಳಿಕ ಎರಡನೆಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ತೀರ್ಮಾನ ಹೇಳಬೇಕೆಂದು ನ್ಯಾಯಾಲಯ ಸೂಚಿಸಿದೆ. ನಂತರ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಇದು ಮಾಹಿತಿಯಷ್ಟೇ, ಅನುಮತಿಗೆ ಅರ್ಜಿಯಲ್ಲ. ಮಂಡಳಿ ನಿರಾಕರಿಸಿದರೆ ಹೈಕೋರ್ಟಿನ ಬಾಗಿಲು ತೆರೆದಿದೆ. ಪತ್ರ ಬರೆದಿಡದ ರೋಗಿಗೂ ಬಹುಮಟ್ಟಿಗೆ ಇದೇ ಕ್ರಮ. ಆಗ ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಬೇಕು. ಕರ್ನಾಟಕದ ಆರೋಗ್ಯ ಇಲಾಖೆ ಈ ನಿಯಮಗಳ ಜಾರಿಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲುವಂತಿಲ್ಲ. ತೀವ್ರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಮಾದಕ ವಸ್ತು ಕಾಯ್ದೆಯ ಬಿಗಿ ಪರವಾನಗಿಗಳ ಕಾರಣ ಅದು ದಶಕಗಳ ಕಾಲ ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ದಾಸ್ತಾನು ಮಾಡಿ ಕೊಡಬಹುದು. ವೈದ್ಯರ ಚೀಟಿಯಂತೆ ಪಡೆದ ಮಾರ್ಫಿನ್ ಮಾತ್ರೆಗಳನ್ನು ರೋಗಿಗಾಗಿ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ; ಚೀಟಿಯನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ.

ರೋಗಿ ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಕುಟುಂಬ ಮುಂಗಡ ನಿರ್ದೇಶನದ ಪತ್ರ ಬರೆಸಿ, ಅದರ ಪ್ರತಿಯೊಂದನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಿಡಬೇಕು.