ತಂದ ದಿನವೇ ಹಾಕಿ ನೋಡಿ

ಹಳೆಯ ಕನ್ನಡ ಚಿತ್ರದ ವಿಸಿಡಿ ಕಂಡ ಕೂಡಲೇ ಕೊಂಡು, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬೀರುವಿನಲ್ಲಿಡುತ್ತೀರಲ್ಲ, ಅದು ಬೇಡ. ಸಣ್ಣ ಕಂಪನಿಗಳು ಒಮ್ಮೆ ತಂದದ್ದನ್ನು ಮತ್ತೆ ತರುತ್ತಿದ್ದುದು ಅಪರೂಪ. ತಂದ ದಿನವೇ ಕೊನೆಯ ದೃಶ್ಯದವರೆಗೂ ಹಾಕಿ ನೋಡಿ. ಅಂಗಡಿಯವರು ಬದಲಿಸಿಕೊಟ್ಟರೆ ಆಗಲೇ.

ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74ರಿಂದ 80 ನಿಮಿಷ. ಮೂರು ಗಂಟೆಯ ಚಿತ್ರ ಎರಡೇ ಡಿಸ್ಕಿನಲ್ಲಿ ಬಂದಿದ್ದರೆ ಯಾವುದೋ ಹಾಡಿಗೋ ದೃಶ್ಯಕ್ಕೋ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. 1967ರ ‘ಬೆಳ್ಳಿಮೋಡ’ದಂಥ ಚಿತ್ರವನ್ನು ಹಾಡು ಕಳೆದುಕೊಂಡು ನೋಡಲು ಮನಸ್ಸಾದರೂ ಹೇಗೆ ಬರುತ್ತದೆ, ಹೇಳಿ?

ಇನ್ನೊಂದು ಮಾತು. ಡಿಸ್ಕಿನ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಗೀಚಬೇಡಿ. ವಿಸಿಡಿಯಲ್ಲಿ ಚಿತ್ರ ಅಡಗಿರುವ ಪದರ ಹೊಳೆಯುವ ಬದಿಗಲ್ಲ, ಹೆಸರು ಅಚ್ಚಾದ ಬದಿಗೇ ಹತ್ತಿರ. ಅಲ್ಲಿ ಆಳವಾಗಿ ಗೀರಿದರೆ ಆ ಭಾಗ ಮರಳಿ ಬಾರದು.