ಖಾತೆ ಬದಲಾಯಿತೆಂದರೆ ಫೋನ್ ಎತ್ತಿ

ಮೋಸದ ಇಮೇಲ್ ಗುರುತಿಸುವುದು ಹೇಗೆ ಎಂದು ಕೇಳಿದವರಿಗೆ ಬಹಳ ವರ್ಷ ಒಂದೇ ಉತ್ತರ ಸಿಗುತ್ತಿತ್ತು: ಕಾಗುಣಿತ ನೋಡಿ, ವ್ಯಾಕರಣ ನೋಡಿ, ಕಳಿಸಿದವರ ವಿಳಾಸ ನೋಡಿ. ಲಾಟರಿ ಹೊಡೆದಿದೆ, ಯಾರೋ ಸತ್ತ ಶ್ರೀಮಂತರ ಕೋಟಿಗಟ್ಟಲೆ ಡಾಲರ್ ನಿಮ್ಮ ಹೆಸರಿಗಿದೆ ಎಂದು ಬರೆಯುತ್ತಿದ್ದ ಕಾಲಕ್ಕೆ ಆ ಉತ್ತರ ಸಾಕಾಗಿತ್ತು. ಈಗ ಅದನ್ನೇ ನಂಬಿ ಕುಳಿತರೆ ಅಪಾಯ. ತಪ್ಪಿಲ್ಲದ ಭಾಷೆ ಇವತ್ತು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ಹಣ ಕೇಳುವ ಮೇಲ್ ನಮಗೆ ಗೊತ್ತಿರುವ ಅಸಲಿ ವಿಳಾಸದಿಂದಲೇ ಬರಬಹುದು. ಹಾಗಾಗಿ ಮೇಲ್ ಅಸಲಿಯೋ ನಕಲಿಯೋ ಎಂಬ ಪರೀಕ್ಷೆಯನ್ನು ನಾನು ಎರಡನೆಯ ಕೆಲಸ ಮಾಡಿಕೊಂಡಿದ್ದೇನೆ. ಅದು ಏನು ಕೇಳುತ್ತಿದೆ ಎಂದು ನೋಡುವುದು ಮೊದಲ ಕೆಲಸ. ಹೊಸ ಖಾತೆಗೆ ಹಣ ಹಾಕಿ ಎನ್ನುತ್ತಿದ್ದರೆ, ಕಳಿಸಿದವರು ಯಾರೇ ಇರಲಿ, ಮಾತಾಡದೆ ಒಂದು ರೂಪಾಯಿಯೂ ಹೋಗುವುದಿಲ್ಲ.

ನಾನಿರುವುದು ಶಿರೂರಿನಲ್ಲಿ. ಉತ್ತರ ಕನ್ನಡದ ಶಿರೂರಲ್ಲ, ಪುಣೆ ಜಿಲ್ಲೆಯದು. ಪುಣೆಯಿಂದ ಅಹ್ಮದ್‌ನಗರಕ್ಕೆ, ಈಗಿನ ಹೆಸರಿನಲ್ಲಿ ಅಹಿಲ್ಯಾನಗರಕ್ಕೆ, ಹೋಗುವ ರಸ್ತೆಯಲ್ಲಿ ಘೋಡ್ ನದಿಯ ದಂಡೆಗಿರುವ ಊರು. ಸೇತುವೆ ದಾಟಿದರೆ ಜಿಲ್ಲೆಯೇ ಬೇರೆ. ಪುಣೆಯ ಕಡೆಗೆ ಸ್ವಲ್ಪ ದೂರ ಬಂದರೆ ಅಷ್ಟವಿನಾಯಕರಲ್ಲಿ ಒಬ್ಬನಾದ ರಾಂಜಣಗಾಂವ್ ಗಣಪತಿ, ಅಲ್ಲೇ ದೊಡ್ಡ ಎಂಐಡಿಸಿ ಕೈಗಾರಿಕಾ ಪ್ರದೇಶ. ಕಲಬುರಗಿ, ವಿಜಯಪುರ, ಬೀದರ್ ಕಡೆಯ ಎಷ್ಟೋ ಮಂದಿ ಇಲ್ಲಿ ದುಡಿಯುತ್ತಾರೆ. ನಾನೂ ವಿಜಯಪುರದಿಂದ ಬಂದವಳು, ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕವೊಂದರ ಲೆಕ್ಕಪತ್ರ ನೋಡುತ್ತೇನೆ. ಬಿಲ್ಲು ಬರೆಯುವುದು, ಪಾರ್ಟಿಗಳಿಗೆ ಪೇಮೆಂಟ್ ಬಿಡುವುದು, ಜಿಎಸ್‌ಟಿ ತುಂಬುವುದು ದಿನದ ಕೆಲಸ.

ಮಾರ್ಚ್ ತಿಂಗಳು ಲೆಕ್ಕದವರಿಗೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. 2023-24ರ ಲೆಕ್ಕದಿಂದ ಅದಕ್ಕೆ ಇನ್ನೊಂದು ಒತ್ತಡ ಸೇರಿದೆ: ಆದಾಯ ತೆರಿಗೆಯ 43ಬಿ(ಎಚ್). ಕಿರು ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ತೀರಿಸದಿದ್ದರೆ ಆ ಖರ್ಚನ್ನು ಆ ವರ್ಷದ ಲಾಭದಲ್ಲಿ ಕಳೆಯುವಂತಿಲ್ಲ, ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ಕಳೆಯಬೇಕು. ಸಣ್ಣವರ ಪಾಲಿಗೆ ಒಳ್ಳೆಯ ನಿಯಮ. ಆದರೆ ಮಾರ್ಚ್ ಕೊನೆಯ ವಾರದಲ್ಲಿ ಬಾಕಿಗಳೆಲ್ಲ ಒಮ್ಮೆಗೇ ಮೇಜಿನ ಮೇಲೆ ಬಂದು ಕೂರುತ್ತವೆ. ಅಂಥ ಒಂದು ಮಧ್ಯಾಹ್ನ ಬೆಳಗಾವಿಯ ಫೌಂಡ್ರಿಯೊಂದರಿಂದ ಮೇಲ್ ಬಂತು. ನಾವು ಅವರಿಂದ ಕಾಸ್ಟಿಂಗ್ ತರಿಸುತ್ತೇವೆ, ಆರು ಲಕ್ಷ ಚಿಲ್ಲರೆ ಬಾಕಿ ಇತ್ತು. ಬಿಲ್ಲಿನ ಬಗ್ಗೆ ನಾನೇ ಕೇಳಿದ್ದ ಪ್ರಶ್ನೆಯ ಕೆಳಗೇ ಉತ್ತರ ಬಂದಿತ್ತು. ವಿಳಾಸ ಅವರದೇ. ಬಿಲ್ಲಿನ ನಂಬರು, ಮೊತ್ತ, ನಮ್ಮ ಖರೀದಿ ಆದೇಶದ (ಪಿಒ) ನಂಬರು, ಎಲ್ಲ ಸರಿ. ಕೊನೆಗೆ ಎರಡು ಸಾಲು: ನಮ್ಮ ಹಳೆಯ ಖಾತೆ ಆಡಿಟ್‌ನಲ್ಲಿದೆ, ಈ ಪೇಮೆಂಟನ್ನು ಕೆಳಗಿನ ಖಾತೆಗೆ ಹಾಕಿ, ಕ್ಯಾನ್ಸಲ್ ಚೆಕ್ ಲಗತ್ತಿಸಿದೆ.

ಚೆಕ್ಕಿನ ಚಿತ್ರ ದೊಡ್ಡದು ಮಾಡಿ ನೋಡಿದೆ. ಫೌಂಡ್ರಿಯ ಹೆಸರಿನ ಅಕ್ಷರಗಳು ಖಾತೆ ನಂಬರಿನ ಅಕ್ಷರಗಳಿಗಿಂತ ಒಂದು ಕೂದಲೆಳೆ ಕಪ್ಪಾಗಿದ್ದವು. ಐಎಫ್‌ಎಸ್‌ಸಿ ಕೋಡಿನ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು, ಐದನೆಯ ಸೊನ್ನೆಯಾದ ಮೇಲಿನ ಆರು ಶಾಖೆಯನ್ನು ಹೇಳುತ್ತವೆ. ಹುಡುಕಿದರೆ ಶಾಖೆ ಇದ್ದದ್ದು ಬೆಳಗಾವಿಗೆ ಸಂಬಂಧವೇ ಇಲ್ಲದ ಬೇರೊಂದು ರಾಜ್ಯದಲ್ಲಿ. ನಿಜ ಹೇಳಬೇಕೆಂದರೆ ಇವೆರಡೂ ಕಾಣದಿದ್ದರೂ ನಾನು ಮಾಡುತ್ತಿದ್ದ ಕೆಲಸ ಒಂದೇ, ಫೋನ್. ಹಳೆಯ ಡೆಲಿವರಿ ಚಲನ್ ತೆಗೆದು ಅದರಲ್ಲಿ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿದೆ. ಮೇಲ್‌ನ ಕೆಳಗಿದ್ದ ನಂಬರಿಗಲ್ಲ. ಹೋಲಿಸಿದಾಗ ಅಲ್ಲಿನ ಮೊಬೈಲ್ ನಂಬರೂ ಬದಲಾಗಿತ್ತು.

"ಇಲ್ರೀ ಮೇಡಮ್ಮಾರ, ನಮ್ಮ ಖಾತೆ ಅದ ಐತ್ರಿ. ಯಾರ ಹೇಳಿದ್ರು ನಿಮಗ?" ಎಂದರು ಆ ಕಡೆಯ ಲೆಕ್ಕದವರು.

ಆಮೇಲೆ ಅವರು ತಮ್ಮ ಕಂಪ್ಯೂಟರಿನವರನ್ನು ಕರೆಸಿ ನೋಡಿಸಿದರು. ಮೇಲ್‌ನ ಪಾಸ್‌ವರ್ಡ್ ಯಾವಾಗಲೋ ಬೇರೆಯವರ ಕೈಸೇರಿತ್ತು. ಒಳಹೊಕ್ಕವರು ತಕ್ಷಣ ಏನೂ ಕದ್ದಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಇಟ್ಟು, ಬಿಲ್ಲು ಮತ್ತು ಪೇಮೆಂಟಿನ ಮಾತಿರುವ ಪ್ರತಿ ಮೇಲ್‌ನ ಪ್ರತಿ ತಮಗೂ ಬರುವಂತೆ ಮಾಡಿಕೊಂಡು ಸುಮ್ಮನೆ ಕಾದಿದ್ದರು. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡುತ್ತಾರೆ, ಹೇಗೆ ಸಂಬೋಧಿಸುತ್ತಾರೆ ಎಲ್ಲ ಓದಿಕೊಂಡು, ದೊಡ್ಡ ಬಾಕಿ ತೀರುವ ಹೊತ್ತಿಗೆ ಬಾಯಿ ತೆರೆದರು. ಕಳ್ಳ ಮನೆಯೊಳಗೇ ಕೂತಿರುವಾಗ ಬಾಗಿಲಿನ ಬೀಗ ಪರೀಕ್ಷಿಸಿ ಏನು ಪ್ರಯೋಜನ? ನಿಮ್ಮ ಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್, ಫಾರ್ವರ್ಡಿಂಗ್ ಎಂಬಲ್ಲಿ ನೀವು ಇಡದ ವಿಳಾಸ ಇದೆಯೇ ನೋಡಿ. ಪಾಸ್‌ವರ್ಡ್ ಜತೆಗೆ ಎರಡನೆಯ ಹಂತದ ದೃಢೀಕರಣವನ್ನು ಇವತ್ತೇ ಹಾಕಿ.

ವಿಳಾಸವನ್ನೇ ಚೂರು ತಿದ್ದುವ ಪದ್ಧತಿಯೂ ಇದೆ. 2015ರಲ್ಲಿ ಓಎನ್‌ಜಿಸಿ ಸೌದಿ ಅರಾಮ್ಕೊಗೆ ನಾಫ್ತಾ ಮಾರಿತ್ತು. ಹಣ ಬರಬೇಕಾದ ಹೊತ್ತಿಗೆ ಅರಾಮ್ಕೊಗೆ ಹೋದ ಮೇಲ್‌ನಲ್ಲಿ ಕಂಪನಿಯ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳು ಅದಲು ಬದಲಾಗಿದ್ದವು: ಓ-ಎನ್-ಜಿ-ಸಿ ಇರಬೇಕಾದಲ್ಲಿ ಓ-ಜಿ-ಎನ್-ಸಿ. ಸುಮಾರು 197 ಕೋಟಿ ರೂಪಾಯಿ ಬೇರೆ ಖಾತೆಗೆ ಹೋಯಿತೆಂದು ಮುಂಬೈಯಲ್ಲಿ ದೂರು ದಾಖಲಾಯಿತು. ಅಷ್ಟು ದೊಡ್ಡ ಕಂಪನಿಗಳ ಲೆಕ್ಕದ ವಿಭಾಗದ ಕಣ್ಣಿಗೆ ಬೀಳದ್ದು ಮೊಬೈಲಿನ ಚಿಕ್ಕ ಪರದೆಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ ಎಂದು ಭಾವಿಸುವುದು ಬೇಡ. ಅಮೆರಿಕದ ಎಫ್‌ಬಿಐಗೆ ಈ ಬಗೆಯ ವ್ಯಾಪಾರಿ ಮೇಲ್ ವಂಚನೆಯ ಬಗ್ಗೆ 2023 ಒಂದೇ ವರ್ಷದಲ್ಲಿ ಬಂದ ದೂರುಗಳಲ್ಲಿನ ನಷ್ಟ 290 ಕೋಟಿ ಡಾಲರ್ ಮೀರಿತ್ತು.

ಫೋನ್ ಎಂದೆನಲ್ಲ, ಆ ಫೋನ್ ನಾವೇ ಮಾಡಬೇಕು. ಇಟಲಿಯ ಟೆಕ್ನಿಮಾಂಟ್ ಕಂಪನಿಯ ಮುಂಬೈ ಘಟಕಕ್ಕೆ 2018ರ ನವೆಂಬರಿನಲ್ಲಿ ಕಂಪನಿ ಸಮೂಹದ ಮುಖ್ಯಸ್ಥರ ಹೆಸರಿನಲ್ಲಿ ಮೇಲ್ ಬಂತು: ಚೀನಾದಲ್ಲಿ ಗುಟ್ಟಾಗಿ ಒಂದು ಕಂಪನಿ ಕೊಳ್ಳುತ್ತಿದ್ದೇವೆ, ಹಣ ಕಳಿಸಿ. ಬರೀ ಮೇಲ್ ಅಲ್ಲ. ಕಾನ್ಫರೆನ್ಸ್ ಕಾಲ್‌ಗಳೂ ನಡೆದವು, ಅದರಲ್ಲಿ ದೊಡ್ಡ ಅಧಿಕಾರಿಗಳಾಗಿ, ವಕೀಲರಾಗಿ ಮಾತಾಡಿದವರೂ ಮೋಸಗಾರರೇ. ಹಾಂಗ್‌ಕಾಂಗ್‌ನ ಬ್ಯಾಂಕುಗಳಿಗೆ ಮೂರು ಕಂತುಗಳಲ್ಲಿ ಸುಮಾರು 130 ಕೋಟಿ ರೂಪಾಯಿ ಹೋಯಿತು. ದನಿ ಕೇಳಿದೆ, ಹೆಸರು ಹೇಳಿದರು ಎಂಬುದು ಸಾಕ್ಷಿಯಲ್ಲ. ನಮ್ಮ ಹತ್ತಿರ ಮೊದಲಿನಿಂದ ಇದ್ದ ನಂಬರಿಗೆ ನಾವು ಡಯಲ್ ಮಾಡಿ, ಆ ಕಡೆ ಎತ್ತಿದವರು ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ತಾವಾಗಿ ಹೇಳಿದರೆ ಅದು ಸಾಕ್ಷಿ.

ಇದರ ಜತೆಗೆ ಒಂದು ಸಹಾಯ ಈಚೆಗೆ ಸಿಕ್ಕಿದೆ, ಎಷ್ಟೋ ಮಂದಿಗೆ ಗೊತ್ತಿಲ್ಲ. ನೆಫ್ಟ್ ಅಥವಾ ಆರ್‌ಟಿಜಿಎಸ್ ಮಾಡುವಾಗ ಹೆಸರಿನ ಜಾಗದಲ್ಲಿ ನಾವೇನೇ ಬರೆದರೂ ಹಣ ಹೋಗುವುದು ಖಾತೆ ನಂಬರನ್ನು ಮಾತ್ರ ನೋಡಿ. ಫೌಂಡ್ರಿಯ ಹೆಸರು ಬರೆದು ಕಳ್ಳನ ನಂಬರು ಹಾಕಿದರೆ ಹಣ ಕಳ್ಳನಿಗೇ. ಈ ತೂತು ಮುಚ್ಚಲು ಆರ್‌ಬಿಐ 2025ರ ಏಪ್ರಿಲ್ 1ರೊಳಗೆ ಬ್ಯಾಂಕುಗಳು ಖಾತೆದಾರನ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ಹೇಳಿತು. ಖಾತೆ ನಂಬರು, ಐಎಫ್‌ಎಸ್‌ಸಿ ಹಾಕಿದರೆ ಹಣ ಕಳಿಸುವ ಮೊದಲೇ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ಕಾಣುತ್ತದೆ, ಅದಕ್ಕೆ ಶುಲ್ಕವಿಲ್ಲ. ಆ ಫೌಂಡ್ರಿ ಖಾತೆಯನ್ನು ನಾನು ಹಾಗೆ ನೋಡಿದಾಗ ಪರದೆಯಲ್ಲಿ ಬಂದದ್ದು ಯಾವುದೋ ಒಬ್ಬ ವ್ಯಕ್ತಿಯ ಹೆಸರು. ಇದಕ್ಕೆ ಬದಲು ಕೆಲವರು ಮೊದಲು ಒಂದು ರೂಪಾಯಿ ಕಳಿಸಿ ಮೇಲ್‌ನಲ್ಲಿ "ಬಂತಾ?" ಎಂದು ಕೇಳುತ್ತಾರೆ. ಬಂತು ಎಂದು ಉತ್ತರಿಸುವವನೂ ಕಳ್ಳನೇ ಆದ್ದರಿಂದ ಅದರಿಂದ ಏನೂ ಗೊತ್ತಾಗುವುದಿಲ್ಲ.

ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರೊಬ್ಬರಿಗೆ ಕಂಪನಿಯ ಮುಖ್ಯಸ್ಥ ಆದಾರ್ ಪೂನಾವಾಲಾ ಅವರ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಬಂತು, ಈ ಖಾತೆಗಳಿಗೆ ತಕ್ಷಣ ಹಣ ಹಾಕಿ ಎಂದು. 1,01,01,554 ರೂಪಾಯಿ ಹೋಯಿತು. ಅವರು ಅಂಥ ಸಂದೇಶ ಕಳಿಸಿಯೇ ಇರಲಿಲ್ಲ ಎಂದು ಆಮೇಲೆ ತಿಳಿದು ಬಂಡ್ ಗಾರ್ಡನ್ ಠಾಣೆಯಲ್ಲಿ ದೂರು ಕೊಟ್ಟರು. ಮೇಲ್ ಆಗಲಿ ವಾಟ್ಸ್‌ಆ್ಯಪ್ ಆಗಲಿ, ಈ ಮೋಸ ನಿಂತಿರುವುದು ಸಾಹೇಬರನ್ನು ಮರುಪ್ರಶ್ನೆ ಕೇಳಲು ನೌಕರರಿಗಿರುವ ಅಂಜಿಕೆಯ ಮೇಲೆ. ಎಂಐಡಿಸಿಯ ಸಣ್ಣ ಘಟಕಗಳಲ್ಲಿ ಆ ಅಂಜಿಕೆ ನಾನು ದಿನವೂ ಕಾಣುತ್ತೇನೆ. "ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡ, ಮೊದಲು ಕಳಿಸು" ಎಂದು ಬರೆದರೆ ಹತ್ತೊಂಬತ್ತು-ಇಪ್ಪತ್ತು ಸಾವಿರ ಪಗಾರದ ಹುಡುಗಿ ಫೋನ್ ಮಾಡುವಳೇ? ನಮ್ಮ ಮಾಲೀಕರು ಎಲ್ಲರ ಮುಂದೆ ಹೇಳಿದ್ದಾರೆ: ನನ್ನ ಹೆಸರಿನಲ್ಲಿ ಹಣದ ಮಾತು ಬಂದರೆ ನಡುರಾತ್ರಿಯಾದರೂ ಫೋನ್ ಮಾಡಿ, ಮಾಡದಿದ್ದರೆ ಬೈಯುತ್ತೇನೆ. ಇದಕ್ಕೆ ಖರ್ಚಿಲ್ಲ. ಒಬ್ಬರು ಪೇಮೆಂಟ್ ಹಾಕುವುದು, ಇನ್ನೊಬ್ಬರು ಒಪ್ಪಿಗೆ ಕೊಡುವುದು ಎಂಬ ವ್ಯವಸ್ಥೆಯೂ ಬ್ಯಾಂಕಿನಲ್ಲಿ ಸಿಗುತ್ತದೆ, ಅದನ್ನೂ ಮಾಡಿಸಿಕೊಳ್ಳಿ.

ದೊಡ್ಡ ಮೊತ್ತಗಳ ಮಾತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಸಣ್ಣ ಮೊತ್ತದ ಒಂದು ಪ್ರಕರಣ. ನಮ್ಮ ಓಣಿಯಲ್ಲಿ ಅಫಜಲಪುರ ಕಡೆಯ ಹುಡುಗನೊಬ್ಬ ಇದ್ದಾನೆ, ಐಟಿಐ ಆಗಿದೆ, ಗುತ್ತಿಗೆದಾರನ ಕೈಕೆಳಗೆ ಕೆಲಸ. ಒಂದು ಸಂಜೆ ಮೊಬೈಲ್ ಹಿಡಿದು ಬಂದ.

"ಅಕ್ಕಾರ, ಆಫರ್ ಲೆಟರ್ ಬಂದದ ನೋಡ್ರಿ. ಡಿಪಾಜಿಟ್ ಹನ್ನೆರಡು ಸಾವಿರ ಕಟ್ಟಬೇಕಂತ. ಕೆಲಸಕ್ಕ ಸೇರಿದ ಮ್ಯಾಲ ತಿರುಗಿ ಕೊಡ್ತಾರಂತ್ರಿ."

"ಯಾರ ಖಾತೆಗೆ ಹಾಕಂತಾರಪ್ಪಾ?"

ತೋರಿಸಿದ. ಹೆಸರಾಂತ ಕಾರು ಕಂಪನಿಯ ಲಾಂಛನ, ಸೀಲು, ಸಹಿ, ತಿಂಗಳಿಗೆ ಮೂವತ್ತೆರಡು ಸಾವಿರ ಪಗಾರ, ಕ್ಯಾಂಟೀನು, ಬಸ್ಸು. ಹಣ ಮಾತ್ರ ಒಬ್ಬ ವ್ಯಕ್ತಿಯ ಯುಪಿಐಗೆ. ನೋಂದಣಿ ಶುಲ್ಕವೆಂದು 1,850 ರೂಪಾಯಿ ಆಗಲೇ ಹಾಕಿಬಿಟ್ಟಿದ್ದ. ಉಳಿದದ್ದಕ್ಕೆ ಊರಿನ ಮಾವನ ಹತ್ತಿರ ಕೈಗಡ ಕೇಳಿದ್ದ. ಕೆಲಸಕ್ಕೆ ಯಾರಾದರೂ ರೊಕ್ಕ ಕೇಳುತ್ತಾರೇನೋ ಎಂದರೆ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಅವನು ಈಗಿರುವ ಕೆಲಸಕ್ಕೂ ನಡುವಿನವರಿಗೆ ಕೊಟ್ಟೇ ಸೇರಿದ್ದ. ಹಣ ಕೊಟ್ಟು ಕೆಲಸ ಪಡೆಯುವ ಪದ್ಧತಿ ಮೊದಲೇ ಇರುವಲ್ಲಿ ಇಂಥ ಮೇಲ್ ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ. ಬಡ ಹುಡುಗರು ದಡ್ಡರೆಂದು ಮಾತಾಡುವವರು ಇದನ್ನು ಯೋಚಿಸಬೇಕು. ಕೆಲಸ ಕೊಡಲು ನಾವು ಹಣ ಕೇಳುವುದಿಲ್ಲವೆಂದು ಟಾಟಾ ಮೋಟರ್ಸ್‌ನಂಥ ಕಂಪನಿಗಳು ತಾವಾಗಿ ಎಚ್ಚರಿಕೆ ಪ್ರಕಟಿಸಿವೆ, ಆದರೆ ಆ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಕಂಪನಿಯ ಜಾಲತಾಣದ ಒಂದು ಮೂಲೆಯಲ್ಲಿದೆ. ಮರುದಿನ ಅವನು ಪತ್ರದ ಪ್ರಿಂಟ್ ಹಿಡಿದು ಆ ಕಂಪನಿಯ ಗೇಟಿಗೇ ಹೋಗಿ ಸೆಕ್ಯೂರಿಟಿಯವರಿಗೆ ತೋರಿಸಿದ. ಇದು ನಮ್ಮದಲ್ಲ ಎಂದು ಅವರು ಎರಡು ನಿಮಿಷದಲ್ಲಿ ಹೇಳಿ ಕಳಿಸಿದರು. ಹನ್ನೆರಡು ಸಾವಿರ ಉಳಿಯಿತು.

ಹೋದ ಹಣದ ಬಗ್ಗೆ ಅವನು ಬಂದ ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ್ದೆ. ಕರ್ನಾಟಕದಲ್ಲಿರಲಿ ಮಹಾರಾಷ್ಟ್ರದಲ್ಲಿರಲಿ, ನಂಬರು ಅದೇ. ಯಾವ ಬ್ಯಾಂಕಿನಿಂದ, ಎಷ್ಟು ಹೊತ್ತಿಗೆ, ಎಷ್ಟು ಹೋಯಿತು ಮತ್ತು ಆ ವಹಿವಾಟಿನ ಯುಟಿಆರ್ ನಂಬರು ಕೇಳುತ್ತಾರೆ, ಅದನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ. ಹಣ ಇನ್ನೂ ಆ ಕಡೆಯ ಖಾತೆಯಲ್ಲಿದ್ದರೆ ತಡೆಹಿಡಿಸಬಹುದು. ಮೋಸಗಾರರು ಗಂಟೆಗಳಲ್ಲಿ ಅದನ್ನು ಹಲವು ಖಾತೆಗಳಿಗೆ ಹಂಚಿ ತೆಗೆದುಬಿಡುತ್ತಾರೆ, ಆದ್ದರಿಂದ ನಾಳೆ ಬೆಳಿಗ್ಗೆ ಬ್ಯಾಂಕ್ ತೆರೆಯಲಿ ಎಂದು ಕಾಯಬಾರದು. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಬರೆಯಬೇಕು, ಠಾಣೆಗೂ ಕೊಡಬಹುದು. ಬ್ಯಾಂಕೇ ತುಂಬಿಕೊಡುತ್ತದೆ ಎಂಬ ನಂಬಿಕೆ ಮಾತ್ರ ಬೇಡ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂಬ ಆರ್‌ಬಿಐನ 2017ರ ಜುಲೈ ಸುತ್ತೋಲೆ ನಮ್ಮ ಒಪ್ಪಿಗೆಯಿಲ್ಲದೆ, ಹೊರಗಿನವರ ಕೈವಾಡದಿಂದ ನಡೆದ ವಹಿವಾಟಿಗೆ. ಮೇಲ್ ನಂಬಿ ನಾವೇ ಒತ್ತಿ ಕಳಿಸಿದ ಹಣ ಅದರೊಳಗೆ ಬರುವುದಿಲ್ಲ.

ಹುಡುಗನ 1,850 ರೂಪಾಯಿ ವಾಪಸ್ ಬರಲಿಲ್ಲ. ಒಂದು ತಿಂಗಳಾದ ಮೇಲೆ ಅವನಿಗೆ ಇನ್ನೊಂದು ಮೇಲ್ ಬಂತು: ನೀವು ಕಳೆದುಕೊಂಡ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು 499 ರೂಪಾಯಿ ಕಟ್ಟಿ. ಮೋಸ ಹೋದವರ ಪಟ್ಟಿ ಇಟ್ಟುಕೊಂಡು ಅವರನ್ನೇ ಮತ್ತೆ ಹಿಡಿಯುವುದೂ ಈ ದಂಧೆಯ ಭಾಗ. ಪೊಲೀಸರಾಗಲಿ ಬ್ಯಾಂಕಾಗಲಿ ಹಣ ಮರಳಿಸಲು ಶುಲ್ಕ ಕೇಳುವುದಿಲ್ಲ. ಆ ಮೇಲ್ ಬಂದ ದಿನ ಅವನು ನನ್ನ ಹತ್ತಿರ ಬರಲಿಲ್ಲ, ನೇರ 1930ಕ್ಕೇ ಫೋನ್ ಮಾಡಿದ.